ಶಾಲೆಯ ಹಾಲು: ಪುಡಿಯಷ್ಟೇ ನೀರೂ ಶುದ್ಧವಾಗಿರಲಿ

ಬೆಳೆಯುವ ಮಗುವಿಗೆ ಹಾಲು ಉತ್ತಮ ಆಹಾರವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೆ ಶಾಲೆಯಲ್ಲಿ ದೊರೆಯುವ ಹಾಲು ಆಕಳ ಕೆಚ್ಚಲಿನಿಂದ ನೇರವಾಗಿ ಬಂದದ್ದಲ್ಲ. ಪುಡಿಯನ್ನು ನೀರಿನಲ್ಲಿ ಕದಡಿ ಅಲ್ಲಿಯೇ ಸಿದ್ಧಪಡಿಸಿದ್ದು. ಆದಕಾರಣ ಅದರ ಗುಣವು ಪುಡಿಯನ್ನಷ್ಟೇ ಅಲ್ಲದೆ ನೀರನ್ನೂ, ಕಾಯಿಸುವ ಕೈಗಳನ್ನೂ ಅವಲಂಬಿಸಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗದ ಪಾಲಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕ್ಷೀರಭಾಗ್ಯ ಯೋಜನೆಯು 2013ರ ಆಗಸ್ಟ್ 1ರಂದು ಆರಂಭವಾಯಿತು. ಮೊದಲು ವಾರಕ್ಕೆ 3 ದಿನ ಕೊಡುತ್ತಿದ್ದ ಹಾಲನ್ನು 2017ರಿಂದ 5 ದಿನಗಳಿಗೆ ವಿಸ್ತರಿಸಲಾಯಿತು. ಹಾಲಿನಲ್ಲಿ ರಾಗಿ ಮಾಲ್ಟ್ ಬೆರೆಸಿ ಕೊಡುವ ಕ್ರಮವು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು.

ಅಳತೆಯ ನಿಯಮ

ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ತಯಾರಾಗಬೇಕು. ಇದಕ್ಕೆ 10 ಗ್ರಾಂ ಸಕ್ಕರೆ ಸೇರುತ್ತದೆ. ಅಂದರೆ 100 ಮಕ್ಕಳಿಗೆ 1 ಕಿಲೋ 800 ಗ್ರಾಂ ಪುಡಿ, 1 ಕಿಲೋ ಸಕ್ಕರೆ, ಒಟ್ಟು 15 ಲೀಟರ್ ಹಾಲು. ಹೀಗೆ ಮಾಡಿದ ಒಂದು ಲೋಟ ಹಾಲಿನಲ್ಲಿ 4 ರಿಂದ 5 ಗ್ರಾಂ ಸಸಾರಜನಕವೂ, ಎಲುಬು ಹಲ್ಲುಗಳಿಗೆ ಬೇಕಾದ ಸುಣ್ಣದ ಅಂಶವೂ ಇರುತ್ತವೆ. ಅದೇ ಪುಡಿಗೆ ಎರಡು ಪಾಲು ನೀರು ಸೇರಿಸಿದರೆ ಲೋಟವೇನೋ ತುಂಬುವುದು, ಮಗುವಿಗೆ ದೊರೆಯುವ ಪೋಷಣೆ ಮಾತ್ರ ಅರ್ಧಕ್ಕಿಳಿಯುವುದು. ಈ ಪುಡಿಯು ಮಕ್ಕಳಿಗಾಗಿಯೇ ಬಂದದ್ದು, ಮಾರಾಟಕ್ಕಲ್ಲ.

ನೀರು ಎಲ್ಲಿಯದು?

ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಲೇಸು. ಬೇರೆ ನೀರಿನ ಆಸರೆ ಇಲ್ಲದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಇದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಿಂದ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಹಳದಿ, ಕಂದು ಕಲೆಗಳು ಮೂಡುತ್ತವೆ. ಕಲೆ ಬಿದ್ದ ಮೇಲೆ ಉಜ್ಜಿದರೂ ಹೋಗದು. ಅಧಿಕ ಪ್ರಮಾಣದ ಫ್ಲೋರೈಡ್ ಬಹುಕಾಲ ದೇಹ ಸೇರಿದರೆ ಎಲುಬು ಕೀಲುಗಳೂ ಬಿಗಿದುಕೊಳ್ಳುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಹಲ್ಲು ಎಲುಬುಗಳ ಬಲಕ್ಕೆಂದು ಕೊಡುವ ಹಾಲನ್ನು ಅವುಗಳಿಗೇ ಕೇಡು ಮಾಡುವ ನೀರಿನಲ್ಲಿ ಕದಡುವುದು ಸಲ್ಲದು. ನದಿಮೂಲದ ಶುದ್ಧೀಕರಿಸಿದ ನೀರನ್ನಾಗಲಿ, ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನಾಗಲಿ ಬಳಸಬೇಕು. ಸಂಶಯವಿದ್ದಲ್ಲಿ ಗ್ರಾಮ ಪಂಚಾಯಿತಿಯ ಮೂಲಕ ನೀರಿನ ಪರೀಕ್ಷೆ ಮಾಡಿಸಬಹುದು.

ಕಾಯಿಸುವ, ಬಡಿಸುವ ಕ್ರಮ

1. ಪೊಟ್ಟಣದ ಮೇಲಿನ ಅವಧಿಯನ್ನು ನೋಡಬೇಕು. ಗಂಟುಗಟ್ಟಿದ, ಬಣ್ಣಗೆಟ್ಟ, ಕಮಟು ವಾಸನೆಯ ಪುಡಿಯನ್ನು ಬಳಸಬಾರದು.

2. ಅಡುಗೆಯವರು ಸಾಬೂನಿನಿಂದ ಕೈ ತೊಳೆಯಬೇಕು. ಕೈಯಲ್ಲಿ ಕುರು, ಕೀವುಗಾಯ ಇದ್ದವರು ಅಂದು ಹಾಲಿನ ಕೆಲಸ ಮಾಡಬಾರದು.

3. ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸೇರಿಸಿ, ಮತ್ತೊಮ್ಮೆ ಚೆನ್ನಾಗಿ ಕುದಿಸಬೇಕು.

4. ಶಿಕ್ಷಕರೊಬ್ಬರು ಮೊದಲು ರುಚಿ ನೋಡಿದ ನಂತರವೇ ಮಕ್ಕಳಿಗೆ ಕೊಡಬೇಕು.

5. ಕಾಯಿಸಿದ ಹಾಲನ್ನು ಬಿಸಿಯಾಗಿರುವಾಗಲೇ ಹಂಚಿ ಮುಗಿಸಬೇಕು. ನಮ್ಮ ಸೀಮೆಯ ಬೇಸಿಗೆಯಲ್ಲಿ ಹಾಲು ಬಹುಬೇಗ ಕೆಡುತ್ತದೆ. ಗಾಯದ ಕೈಗಳಿಂದ ಸೇರಿದ ಕೆಲವು ರೋಗಾಣುಗಳು ಹಾಲಿನಲ್ಲಿ ಬೆಳೆದು ವಿಷವನ್ನು ಬಿಡುತ್ತವೆ. ಮತ್ತೆ ಕುದಿಸಿದರೂ ಆ ವಿಷವು ನಾಶವಾಗದು. ಆದುದರಿಂದ ಉಳಿದ ಹಾಲನ್ನು ಮರುದಿನಕ್ಕೆ ಇಡಲೇಬಾರದು.

ಪಾಲಕರಿಗೆ ಕೆಲವು ಮಾತುಗಳು

ನಸುಕಿನಲ್ಲೇ ಹೊಲಕ್ಕೆ ಹೋಗುವ ಅಥವಾ ಮಗ್ಗಕ್ಕೆ ಕೂಡುವ ಮನೆಗಳಲ್ಲಿ ಶಾಲೆಯ ಹಾಲನ್ನೇ ಮಗುವಿನ ಬೆಳಗಿನ ಆಹಾರವೆಂದು ಎಣಿಸುವುದುಂಟು. ಅದು ಸರಿಯಲ್ಲ. ಮನೆಯಿಂದ ಹೊರಡುವ ಮುನ್ನ ಅರ್ಧ ರೊಟ್ಟಿಯನ್ನಾದರೂ ತಿನ್ನಿಸಿರಿ. ಹಾಲು ಕುಡಿದಾಗಲೆಲ್ಲ ಹೊಟ್ಟೆಯುಬ್ಬರ, ಭೇದಿಯಾಗುವ ಮಕ್ಕಳೂ ಇದ್ದಾರೆ. ಅವರನ್ನು ಒತ್ತಾಯಿಸದೆ, ಶಿಕ್ಷಕರಿಗೆ ತಿಳಿಸಿ ವೈದ್ಯರಿಗೆ ತೋರಿಸಿರಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನೊಡನೆ ನುಂಗಿಸಬಾರದು. ಅದನ್ನು ಮಧ್ಯಾಹ್ನದ ಊಟದ ನಂತರ ಕೊಡಬೇಕು.

ಹಾಲು ಕುಡಿದ ಹಲವು ಮಕ್ಕಳಿಗೆ ಒಮ್ಮೆಗೇ ವಾಂತಿ, ಹೊಟ್ಟೆನೋವು ಕಾಣಿಸಿದರೆ ವಿತರಣೆಯನ್ನು ನಿಲ್ಲಿಸಿ, ಹಾಲಿನ ಮಾದರಿಯನ್ನು ಮುಚ್ಚಿಟ್ಟು, ಮಕ್ಕಳನ್ನು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಿಗೆ ಸ್ಥಾನವಿದೆ. ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ: ಹಾಲಿಗೆ ಬಳಸುವ ನೀರು ಎಲ್ಲಿಯದು? ಅದರ ಪರೀಕ್ಷೆ ಎಂದು ಆಯಿತು?