ಸ್ಕ್ಯಾನ್ ಹಾಳೆಯೊಳಗೆ ಬೆಂಗಳೂರಿನ ಲೆಕ್ಕ

(ನಮ್ಮ ಪ್ರತಿನಿಧಿಯಿಂದ)

ನವಲಗುಂದ: ಸಂಜೆ ಹುಬ್ಬಳ್ಳಿ ಬಸ್ಸಿನಿಂದ ಇಳಿದವರಲ್ಲಿ ಒಬ್ಬ ಹಿರಿಯರು ದೊಡ್ಡದೊಂದು ಕಾಗದದ ಚೀಲವನ್ನು ಎದೆಗವಚಿ ಹಿಡಿದಿದ್ದರು. ಮಡಚಬ್ಯಾಡ್ರಿ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರಂತೆ. ಅವರ ಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು.

“ಯಾರದ್ರೀ ಕಾಕಾ?” ಎಂದೆ.

“ನಮ್ಮ ತಮ್ಮಂದಪಾ. ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಿದ್ದ. ತಲಿ ಸ್ಕ್ಯಾನ್ ಮಾಡ್ಯಾರ. ಒಳಗ ರಕ್ತ ಹೆಪ್ಪುಗಟ್ಟಿಲ್ಲಂತ. ದೇವರು ದೊಡ್ಡಾಂವ.”

ಚಹಾ ಅಂಗಡಿಯವರು ಬಾಯಿ ಹಾಕಿದರು: “ಎಲ್ಲಾ ಫಾರಿನ್ನವರ ಬುದ್ಧಿ ಬಿಡ್ರಿ. ನಮ್ಮವರದೇನೈತಿ ಇದರಾಗ?”

ಅಂಗಡಿಯವರ ಮಾತು ಅರ್ಧ ಖರೆ. ಉಳಿದ ಅರ್ಧವನ್ನು ವಾಚಕರು ಕೇಳಬೇಕು.

ಉಳ್ಳಾಗಡ್ಡಿ ಬಿಲ್ಲೆ

ಸಾದಾ ಎಕ್ಸ್-ರೇ ಎಂದರೆ ನೆರಳು. ಚೀಲಗಳನ್ನು ಒಂದರ ಹಿಂದೊಂದು ಇಟ್ಟು ದೀಪ ಹಿಡಿದರೆ ಗೋಡೆಯ ಮೇಲೆ ಒಂದೇ ಕರಿ ನೆರಳು ಬೀಳುತ್ತದೆ. ಹಿಂದಿನದು ಯಾವುದು, ಮುಂದಿನದು ಯಾವುದು ತಿಳಿಯದು. ಸಿ.ಟಿ. ಸ್ಕ್ಯಾನ್ ಯಂತ್ರ ಸುತ್ತಲೂ ತಿರುಗಿ ಅನೇಕ ಕಡೆಯಿಂದ ನೆರಳಿನ ಅಳತೆ ತೆಗೆಯುತ್ತದೆ. ಆ ಅಳತೆಗಳನ್ನು ಕೂಡಿಸಿ, ಉಳ್ಳಾಗಡ್ಡಿ ಕೊಯ್ದು ಬಿಲ್ಲೆ ತೋರಿಸಿದ ಹಾಗೆ, ತಲೆಯ ಒಳಗಿನ ಚಿತ್ರವನ್ನು ಕಂಪ್ಯೂಟರ್ ಕಟ್ಟಿಕೊಡುತ್ತದೆ.

ಆದರೆ ನೆರಳುಗಳನ್ನು ಸುಮ್ಮನೆ ಕೂಡಿಸಿದರೆ ಚಿತ್ರ ಒದ್ದೆ ಕಾಗದದ ಮೇಲಿನ ಮಸಿಯಂತೆ ಹರಡಿಬಿಡುತ್ತದೆ. ಅದನ್ನು ಸ್ವಚ್ಛ ಮಾಡುವ ಒಂದು ಸುಲಭ ಲೆಕ್ಕ ಬಂದದ್ದು ಎಲ್ಲಿಂದ? ಬೆಂಗಳೂರಿನಿಂದ!

ಐದು ಪುಟದ ಬರಹ

ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನ, ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಎಂಬಿಬ್ಬರು 1971ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಇದ್ದದ್ದು ಐದೇ ಪುಟ. ನೆರಳುಗಳನ್ನು ಕೂಡಿಸುವ ಮೊದಲೇ ಪ್ರತಿ ಅಂಕಿಯಿಂದ ನೆರೆಯ ಅಂಕಿಗಳ ಇಷ್ಟಿಷ್ಟು ಪಾಲು ಕಳೆಯಿರಿ. ಚಿತ್ರವೂ ಚೊಕ್ಕ, ಕಂಪ್ಯೂಟರಿನ ಹೊತ್ತೂ ಉಳಿತಾಯ. ಇದು ಅದರ ಸಾರ.

ಮರು ತಿಂಗಳು, ಅಕ್ಟೋಬರ್ 1ರಂದು, ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಆ ಯಂತ್ರದ ಲೆಕ್ಕದ ಕ್ರಮ ಬೇರೆ. ಬೆಂಗಳೂರಿನವರ ತರಹದ ಲೆಕ್ಕ ಮುಂದೆ ಬಂದ ಯಂತ್ರಗಳಲ್ಲಿ ದಶಕಗಳ ಕಾಲ ನಡೆಯಿತು. ಈಗ ಹೊಸ ಲೆಕ್ಕಗಳೂ ಸೇರಿವೆ. ಆದರೂ ಈ ವಿದ್ಯೆ ಕಲಿಯುವವರಿಗೆ ಇಂದಿಗೂ ಮೊದಲ ಪಾಠಗಳಲ್ಲೊಂದು ಇಬ್ಬರ ಹೆಸರು ಕೂಡಿದ ‘ರಾಮ್-ಲಾಕ್’. ನ್ಯಾಯವಾಗಿ ಇನ್ನೊಂದು ಮಾತು: ಬ್ರೇಸ್‌ವೆಲ್, ರಿಡಲ್ ಎಂಬವರು 1967ರಲ್ಲೇ ಇಂಥದೇ ಲೆಕ್ಕ ಬರೆದಿದ್ದರು. ಅದು ಇದ್ದದ್ದು ಆಕಾಶ ನೋಡುವವರ ಪತ್ರಿಕೆಯಲ್ಲಿ.

ಉದ್ರಿ ಪುಸ್ತಕ

ಪಂಡಿತರಲ್ಲಿ ಒಂದು ರೂಢಿ ಉಂಟು. ಯಾರ ಬರಹದಿಂದ ಏನು ಪಡೆದೆವೆಂದು ತಮ್ಮ ಬರಹದಲ್ಲಿ ಹೆಸರು ಹೇಳಬೇಕು. ಅದೇ ‘ಉಲ್ಲೇಖ’. ಅಂಗಡಿಯ ಉದ್ರಿ ಪುಸ್ತಕವೇ ಅನ್ನಿ. ನಿಮ್ಮಿಂದ ಉದ್ರಿ ಒಯ್ದವರು ಎಷ್ಟು ಹೆಚ್ಚೋ ನೀವು ಅಷ್ಟು ದೊಡ್ಡವರು. ನೌಕರಿ, ಬಡ್ತಿ ಕೊಡುವಾಗಲೂ ಅನೇಕ ಕಡೆ ಈ ಎಣಿಕೆ ನೋಡುತ್ತಾರೆ.

ಆದರೆ ಈ ಪುಸ್ತಕವನ್ನೇ ನಂಬಿ ಕೂತರೆ ಮೋಸ ಹೋದೀರಿ. ಇದೇ ವಿಷಯದ ಮೇಲೆ ಕಾರ್ಮ್ಯಾಕ್ ಎಂಬವರು 1963 ಮತ್ತು 1964ರಲ್ಲಿ ಬರೆದರು. ವರ್ಷಗಟ್ಟಲೆ ಹೆಚ್ಚುಕಡಿಮೆ ಯಾರೂ ಕೇಳಲಿಲ್ಲ. 1979ರಲ್ಲಿ ಅವರಿಗೂ ಹೌನ್ಸ್‌ಫೀಲ್ಡ್‌ರಿಗೂ ನೊಬೆಲ್ ಬಂತು. ಇಬ್ಬರಿಗೂ ಓದಿ ಪಡೆದ ಡಾಕ್ಟರೇಟ್ ಇರಲಿಲ್ಲ, ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಅದೊಂದು ಸಮಾಧಾನ.

ರಾಮಚಂದ್ರನ್ ಅವರಿಗೆ ಉಲ್ಲೇಖಕ್ಕೆ ಬರ ಇರಲಿಲ್ಲ. ಮದ್ರಾಸಿನಲ್ಲಿದ್ದಾಗ 1963ರಲ್ಲಿ ಜೊತೆಗಾರರೊಂದಿಗೆ ಮಾಡಿದ ಪ್ರೋಟೀನಿನ ‘ರಾಮಚಂದ್ರನ್ ನಕ್ಷೆ’ ಜಗತ್ತಿನ ಪಠ್ಯಗಳಲ್ಲಿದೆ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಿತು. ನೊಬೆಲ್ ಮಾತ್ರ ಬರಲಿಲ್ಲ. 2001ರಲ್ಲಿ ತೀರಿಕೊಂಡರು.

ಯಂತ್ರ ಕಟ್ಟುವವನು ಯಂತ್ರದ ಬೆನ್ನಿಗೆ ಉಲ್ಲೇಖ ಬರೆಯುವುದಿಲ್ಲ. ನಾವಾದರೂ ದಿನಾ ಖಾತೆಯಲ್ಲಿ ಸೊನ್ನೆ ಬರೆಯುತ್ತೇವೆ, ಕಂಡುಹಿಡಿದವರ ಹೆಸರು ಬರೆಯುತ್ತೇವೆಯೆ? ಎಲ್ಲರ ಕೈಗೂ ಬಂದ ವಿದ್ಯೆಯ ಬಾಕಿಯನ್ನು ಯಾರೂ ಬರೆದಿಡುವುದಿಲ್ಲ.

ಕಾಕಾ ಎಲ್ಲ ಕೇಳಿದರು. ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು.

“ಹಂಗಾದ್ರ ಆ ಬೆಂಗಳೂರ ಮಾಸ್ತರಂದು ನಮ್ಮ ಮ್ಯಾಲ ಬಾಕಿ ಐತಿ ಅನ್ನು. ನಮ್ಮ ತಮ್ಮಗ ಹೇಳತೇನಿ.”

ಅಷ್ಟರಲ್ಲಿ ಅವರ ಬಸ್ಸು ಬಂತು.