ಹುಡುಕದೆ ಸಿಗುವ ವಿಳಾಸ

ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೆ ಮುಂಬೈಯಿಂದ ಕಾಗದ ಹೊರಟರೆ ಅದನ್ನು ವಿಂಗಡಿಸುವವರು ಹೆಸರು ಓದಬೇಕಿಲ್ಲ. ಪಿನ್ ಕೋಡಿನ ಮೊದಲೆರಡು ಅಂಕಿ 56 ಎಂದು ಕಂಡರೆ ಸಾಕು, ಕಾಗದ ಕರ್ನಾಟಕದ ಕಡೆ ಹೊರಡುತ್ತದೆ. 1972ರಲ್ಲಿ ಬಂದ ಈ ಏರ್ಪಾಡಿನಲ್ಲಿ ಒಂದೊಂದು ಅಂಕಿಯೂ ಕಾಗದವನ್ನು ಊರಿಗೆ ಹತ್ತಿರ ತರುತ್ತದೆ. ಊರು ಮುಟ್ಟಿದ ಮೇಲೆ ಮಾತ್ರ ಅಂಕಿಯ ಕೆಲಸ ಮುಗಿಯಿತು. ಅಲಿ, ಹುಸೇನ್, ಅಬ್ಬಾಸ್ ಎಂಬ ಹೆಸರಿನವರು ಹಲವರಿರುವ ಕಡೆ ಪೂರ್ತಿ ಹೆಸರು ಓದದೆ ಬಾಗಿಲು ಸಿಗದು.

ಒಂದು ಕಟ್ಟಡದ ಕಂಪ್ಯೂಟರುಗಳನ್ನು ತಂತಿಗಳಿಂದ ಜೋಡಿಸುವ ಈಥರ್ನೆಟ್ ಸ್ವಿಚ್ ಎಂಬ ಪೆಟ್ಟಿಗೆ ಎದುರಿಸುವುದು ಊರೊಳಗಿನ ಈ ತೊಡಕನ್ನೇ. ಅಲೀಪುರ ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಹರಳನ್ನು ಕಾಗದದಲ್ಲಿ ಮಡಚಿ ಮೇಲೆ ಗುರುತು ಬರೆಯುವಂತೆ, ಕಂಪ್ಯೂಟರ್ ಕೂಡ ಮಾಹಿತಿಯನ್ನು ಪೊಟ್ಟಣ ಕಟ್ಟಿ ಮೇಲೆ ಎರಡು ವಿಳಾಸ ಬರೆಯುತ್ತದೆ: ಯಾರಿಗೆ, ಯಾರಿಂದ. ಮ್ಯಾಕ್ ವಿಳಾಸ ಎಂಬ ಇವುಗಳಲ್ಲಿ ಒಂದೊಂದೂ 48 ಬಿಟ್, ಅಂದರೆ 48 ಸೊನ್ನೆ-ಒಂದುಗಳಷ್ಟು, ಉದ್ದ. ಕಾರ್ಖಾನೆಯಲ್ಲೇ ಅಚ್ಚಾಗಿ ಬರುವುದರಿಂದ ಯಂತ್ರದ ಭಾಗವನ್ನು ಯಾವ ಕಂಪನಿ ಮಾಡಿತೆಂದು ಹೇಳುತ್ತದೆಯೇ ಹೊರತು ಅದು ಈಗ ಎಲ್ಲಿದೆ ಎಂದಲ್ಲ. ಇಂಥ ವಿಳಾಸಗಳು ಸುಮಾರು 281 ಲಕ್ಷ ಕೋಟಿ ಸಾಧ್ಯ. ಅಷ್ಟೂ ಸಾಲಿನ ಪಟ್ಟಿ ಯಾವ ಚಿಪ್ಪಿನಲ್ಲೂ ಹಿಡಿಸದು.

ಪಟ್ಟಿಯನ್ನು ಹುಡುಕುತ್ತ ಕೂರಲು ಹೊತ್ತೂ ಇಲ್ಲ. ಸ್ವಿಚ್ಚಿನಲ್ಲಿ ತಂತಿ ಸಿಕ್ಕಿಸುವ ಬಾಯಿಗೆ ಪೋರ್ಟ್ ಎಂದು ಹೆಸರು. ಗಿಗಾಬಿಟ್ ವೇಗದ 48 ಪೋರ್ಟುಗಳಿಗೆ ಅತಿ ಚಿಕ್ಕ ಪೊಟ್ಟಣಗಳೇ ಎಡೆಬಿಡದೆ ಬಂದರೆ ಸೆಕೆಂಡಿಗೆ 7 ಕೋಟಿ ದಾಟುತ್ತವೆ. ಒಂದೊಂದಕ್ಕೆ ಸಿಗುವುದು 14 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಒಂದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ, ನಾಲ್ಕು ಮೀಟರಿನಷ್ಟು ಹೋದೀತು.

ಒಂದು ದಾರಿ ಕ್ಯಾಮ್ ಎಂಬ ವಿಶೇಷ ಮೆಮೊರಿ. ಸಾಮಾನ್ಯ ಮೆಮೊರಿಗೆ ಖಾನೆಯ ಸಂಖ್ಯೆ ಕೊಟ್ಟರೆ ಒಳಗಿರುವುದನ್ನು ಹೇಳುತ್ತದೆ. ಇದಕ್ಕೆ ಒಳಗಿರಬೇಕಾದದ್ದನ್ನು ಕೊಟ್ಟರೆ ಖಾನೆಯನ್ನೇ ತೋರಿಸುತ್ತದೆ. ಒಂದೊಂದು ವಿಳಾಸ ಹಿಡಿದ ಪ್ರತಿ ಸಾಲಿಗೂ ಒಂದು ತಂತಿ. ಮೊದಲು ಎಲ್ಲ ತಂತಿಗಳಿಗೂ ವಿದ್ಯುತ್ ತುಂಬುತ್ತಾರೆ. ಆಮೇಲೆ ಹುಡುಕಬೇಕಾದ ವಿಳಾಸವನ್ನು ಎಲ್ಲ ಸಾಲುಗಳಿಗೂ ಒಟ್ಟಿಗೇ ತೋರಿಸಿದರೆ, ಒಂದು ಬಿಟ್ ಹೊಂದದಿದ್ದರೂ ಆ ಸಾಲಿನ ತಂತಿ ಬರಿದಾಗುತ್ತದೆ. ಬರಿದಾಗದೆ ಉಳಿದದ್ದೇ ಉತ್ತರ. ಊರಿನ ದೀಪಗಳೆಲ್ಲ ಆರಿ, ನಾವು ಅರಸುವ ಮನೆಯದೊಂದೇ ಉರಿದ ಹಾಗೆ. ನನಗೆ ಇದು ಬಹಳ ಚೆಲುವಾದ ಯೋಚನೆ. ಆದರೆ ಪ್ರತಿ ಸಲವೂ ಹೆಚ್ಚುಕಡಿಮೆ ಎಲ್ಲ ತಂತಿಗಳಿಗೂ ತುಂಬಿ ಬರಿದು ಮಾಡುವುದರಿಂದ ವಿದ್ಯುತ್ ವಿಪರೀತ ಬೇಕು, ಚಿಪ್ ಬಿಸಿಯಾಗುತ್ತದೆ.

ಹಾಗಾಗಿ ಅನೇಕ ಸ್ವಿಚ್‌ಗಳು ಹ್ಯಾಶ್ ಎಂಬ ಲೆಕ್ಕವನ್ನು ಹಿಡಿದಿವೆ. 48 ಬಿಟ್‌ಗಳನ್ನು ಕಲಸಿ, ಮಡಚಿ 13 ಬಿಟ್ ಮಾಡಿದರೆ 8,192 ಖಾನೆಗಳಲ್ಲಿ ಒಂದರ ಸಂಖ್ಯೆ ಸಿಗುತ್ತದೆ. ನೇರ ಅಲ್ಲಿಗೇ ಹೋಗಿ ನೋಡುವುದು. ಎರಡು ವಿಳಾಸಗಳಿಗೆ ಒಂದೇ ಖಾನೆ ಬರಬಹುದಲ್ಲ? ಬರುತ್ತದೆ. ಅದಕ್ಕೇ ಖಾನೆಗೆ ನಾಲ್ಕು ಜಾಗ, ಪ್ರತಿಯೊಂದರಲ್ಲೂ ಪೂರ್ತಿ ವಿಳಾಸ. ನಾಲ್ಕನ್ನೂ ಒಟ್ಟಿಗೆ ಹೋಲಿಸಿ, ಇಡೀ ವಿಳಾಸ ತಾಳೆಯಾದರೆ ಮಾತ್ರ ಒಪ್ಪುವುದು.

ಪಟ್ಟಿಯನ್ನು ಬರೆದುಕೊಡುವವರು ಯಾರೂ ಇಲ್ಲ. ಪೊಟ್ಟಣ ಬಂದಾಗಲೆಲ್ಲ ‘ಯಾರಿಂದ’ ಎಂಬುದನ್ನು ಓದಿ, ಇವರು ಈ ಪೋರ್ಟಿನ ಕಡೆ ಇದ್ದಾರೆ ಎಂದು ಸ್ವಿಚ್ ತಾನೇ ಬರೆದುಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದವರಿಗೆ ಪೊಟ್ಟಣ ಬಂದರೆ, ಬಂದ ಪೋರ್ಟ್ ಬಿಟ್ಟು ಉಳಿದೆಲ್ಲಕ್ಕೂ ಕಳಿಸುತ್ತದೆ. ಖಾನೆ ತುಂಬಿ ಜಾಗ ಸಾಲದಿದ್ದಾಗಲೂ ಅಷ್ಟೆ. ಮಾಹಿತಿ ತಲುಪುತ್ತದೆ, ದಾರಿಯಲ್ಲಿ ಗದ್ದಲ ಹೆಚ್ಚುತ್ತದೆ.

ಐದು ನಿಮಿಷ ಸದ್ದಿಲ್ಲದ ವಿಳಾಸವನ್ನು ಸ್ವಿಚ್ ಸಾಮಾನ್ಯವಾಗಿ ಅಳಿಸಿಬಿಡುತ್ತದೆ. ಅದಕ್ಕೂ ಮೊದಲೇ ಹರಳಿನ ಅಂಗಡಿಯೊಂದರ ಮುಂಭಾಗದಲ್ಲಿದ್ದ ಕಂಪ್ಯೂಟರನ್ನು ಒಳಕೋಣೆಗೆ ಒಯ್ದು ಬೇರೆ ಪೋರ್ಟಿಗೆ ಜೋಡಿಸಿದರೆ, ಅದು ಕಳಿಸುವ ಮೊದಲ ಪೊಟ್ಟಣದಲ್ಲೇ ಹಳೆಯ ಪೋರ್ಟಿನ ಸಂಖ್ಯೆ ಹೋಗಿ ಹೊಸದು ಬಂದಿರುತ್ತದೆ.