ಫಿರಂಗಿ ಎಳೆದ ವಂಶ

ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಮದ್ರಾಸ್ ಸ್ಯಾಪರ್ಸ್ ನೆಲೆಯಿದೆ. ಯುದ್ಧದಲ್ಲಿ ದಾರಿ ಕಡಿದು ಸೇತುವೆ ಕಟ್ಟುವ, ನೆರೆ ಬಂದರೆ ಊರವರ ನೆರವಿಗೆ ಧಾವಿಸುವ ಈ ಎಂಜಿನಿಯರ್ ಪಡೆ ಹುಟ್ಟಿದ್ದು 1780ರಲ್ಲಿ, ಇಂಗ್ಲಿಷರು ಹೈದರಾಲಿಯೊಡನೆ ಕಾದುತ್ತಿದ್ದಾಗ. ಅದರ ಚರಿತ್ರೆ ಬರೆದವರಿದ್ದಾರೆ. ಆದರೆ ದಾರಿ ಸಿದ್ಧವಾದ ಮೇಲೆ ಫಿರಂಗಿಯನ್ನು ಯಾರಾದರೂ ಎಳೆಯಬೇಕಲ್ಲ? ಎದುರು ಪಾಳಯದಲ್ಲಿ ಆ ಕೆಲಸ ಮಾಡಿದವರ ವಂಶ ಅಜ್ಜಂಪುರದಲ್ಲಿ ಇಂದಿಗೂ ಹುಲ್ಲು ಮೇಯುತ್ತಿದೆ.

ಅಮೃತಮಹಲ್ ಎಂದರೆ ಈಗ ಒಂದು ದನದ ತಳಿ. ಮೊದಲಿಗೆ ಅದೊಂದು ಸರ್ಕಾರಿ ಇಲಾಖೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದರ ಹೆಸರು ಬೆಣ್ಣೆ ಚಾವಡಿ; ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಕೆಲಸ. ಹೈದರಾಲಿ ಅದನ್ನು ದಂಡಿಗೆ ಹೂಡಿದ, ಟಿಪ್ಪು ಹೆಸರು ಬದಲಿಸಿ ಕಟ್ಟುಪಾಡು ಬರೆಸಿದ. ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರದ ರಕ್ಷಣೆಗೆ ಮುಟ್ಟಿದ್ದು ಈ ಎತ್ತುಗಳಿಂದಲೇ ಎಂದು ಮೈಸೂರು ಗೆಜೆಟಿಯರ್‌ನಲ್ಲಿ ಬಿ.ಎಲ್. ರೈಸ್ ದಾಖಲಿಸಿದ್ದಾರೆ. ಸೋತು ಹಿಂದೆಗೆಯುವಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದು ತರುತ್ತಿದ್ದವಂತೆ.

ಕೊಟ್ಟಿಗೆಯಲ್ಲಿ ಬೆಳೆದ ದನಕ್ಕೆ ಇದು ಸಾಧ್ಯವಿಲ್ಲ. ಇವು ಬೆಳೆದದ್ದು ಕಾವಲು ಎಂಬ ಮೀಸಲು ಹುಲ್ಲುಗಾವಲುಗಳಲ್ಲಿ, ಬಯಲಿನ ಹುಲ್ಲು ತಿಂದು. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಎಂದು ಕಾವಲುಗಳು ಗೊತ್ತಾಗಿದ್ದವು. ಹಿಂಡು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹಸುವಿನ ಹಾಲೆಲ್ಲ ಕರುವಿಗೇ. ಅರೆಕಾಡು ಸ್ವಭಾವದ ಹೋರಿಗಳನ್ನು ಹಿಡಿದು, ಬೀಜ ಒಡೆದು, ಪಳಗಿಸುವುದೇ ಒಂದು ಸಾಹಸ.

1799ರಲ್ಲಿ ಶ್ರೀರಂಗಪಟ್ಟಣದ ಜೊತೆಗೆ ಹಿಂಡೂ ಇಂಗ್ಲಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲೆಂದು ಅವರು ಅದನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೇನೆಗೆ ಒಳ್ಳೆಯ ಎತ್ತು ಸಿಗದಾಯಿತು. ಮತ್ತೆ ಹುಡುಕಿ ತಂದು ಹಿಂಡು ಕಟ್ಟಬೇಕಾಯಿತು. ಲೆಕ್ಕ ನೋಡುವವರ ಬುದ್ಧಿ ಎಲ್ಲ ಕಾಲದಲ್ಲೂ ಹೀಗೇ! 1882ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1923ರಲ್ಲಿ ಕೃಷಿ ಇಲಾಖೆಗೆ ದಾಟಿಸಿತು. ಅಲ್ಲಿಗೆ ದಂಡಿನ ಎತ್ತು ಪೂರ್ತಿ ರೈತನ ಎತ್ತಾಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಶುರುವಾದದ್ದು 1929ರಲ್ಲಿ. ಕಡೂರು ಸೀಮೆಯ ಬೀರೂರು, ಬಾಸೂರು, ತರೀಕೆರೆ ಕಡೆಯ ಲಿಂಗದಹಳ್ಳಿಗಳಲ್ಲೂ ಉಪಕೇಂದ್ರಗಳಿವೆ.

ಟಿಪ್ಪು ಕಾಲದಲ್ಲಿ ಕಾವಲುಗಳ ವಿಸ್ತಾರ ನಾಲ್ಕು ಲಕ್ಷ ಎಕರೆಗೂ ಹೆಚ್ಚಿತ್ತು. ಈಗ ಉಳಿದಿರುವುದು ಚೂರುಪಾರು. ಸಾಗುವಳಿಗೆ, ಕಟ್ಟಡಕ್ಕೆ, ನೆಡುತೋಪಿಗೆ ಹೋದದ್ದೇ ಬಹುಪಾಲು. ಚಳ್ಳಕೆರೆಯ ಕಾವಲಂತೂ ರಕ್ಷಣಾ ಸಂಶೋಧನೆಯ ಪಾಲಾಯಿತು. ಸೇನೆಗಾಗಿ ಕಾದಿಟ್ಟ ಹುಲ್ಲನ್ನು ಸೇನೆಯೇ ಪಡೆದಂತೆ. ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಣಾ ಮೀಸಲಾಗಿ, ಕೃಷ್ಣಮೃಗಗಳಿಗೂ ನೆಲೆ ಸಿಕ್ಕಿದೆ.

ಟ್ರ್ಯಾಕ್ಟರ್ ಬಂದ ಮೇಲೂ ಅಜ್ಜಂಪುರದ ವಾರ್ಷಿಕ ಹರಾಜಿಗೆ ದೂರದೂರದ ರೈತರು ಬರುತ್ತಾರೆ. ಒಳ್ಳೆಯ ಜೋಡಿಯ ಬೆಲೆ ಲಕ್ಷ ದಾಟುತ್ತದೆ. ತಳಿ ಉಳಿಸುವ ಮಾತನ್ನು ಸರ್ಕಾರ ಆಗಾಗ ಆಡುತ್ತಲೇ ಇರುತ್ತದೆ. ಮೊದಲು ಉಳಿದ ಕಾವಲುಗಳ ಎಲ್ಲೆ ಅಳೆದು ಕಲ್ಲು ನೆಡಿಸಲಿ.